ಬಳ್ಳಿಯ ಜೊತೆ ಹೋಗುವ ಮಣ್ಣು

ಮೊದಲ ಸಲ ಆ ಮೊಟ್ಟೆಗಳನ್ನು ನೋಡಿದಾಗ ಗೊಬ್ಬರದ ಕಾಳು ಅಂದುಕೊಂಡೆ. ಲಾರಿಯಿಂದ ಆಗಷ್ಟೇ ಇಳಿಸಿದ ಕ್ರೋಟನ್ ಗಿಡದ ಕುಂಡ ಅದು. ಮಣ್ಣು ಸಡಿಲಿಸಿದರೆ ಬೇರಿನ ಸಂದಿಯಲ್ಲಿ ಸಾಬೂದಾನಿಯಂಥ ಕಾಳುಗಳು, ಬೆಳ್ಳಗೆ, ತುಸು ಹಳದಿ ಹೊಡೆಯುತ್ತ, ಒಂದು ಮುಷ್ಟಿಯಷ್ಟು. ದೂರದ ನರ್ಸರಿಯವರು ಎಷ್ಟು ಕಾಳಜಿಯಿಂದ ಗೊಬ್ಬರ ಹಾಕಿ ಕಳಿಸಿದ್ದಾರಲ್ಲ ಎಂದು ಮೆಚ್ಚಿಕೊಂಡೆ. ಒಂದು ಕಾಳೂ ಚೆಲ್ಲದಂತೆ ಮತ್ತೆ ಮಣ್ಣೊಳಗೆ ಒತ್ತಿ, ಮೇಲೆ ನೀರು ಹಾಕಿದೆ. ಇಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವ ಕೆಲಸ ಮಾಡಿದ್ದೂ ನೆನಪಿಲ್ಲ.

ಗಜೇಂದ್ರಗಡದಿಂದ ರೋಣದ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮ ಮನೆ. ಹಿಂದೆ ಎಲೆತೋಟ, ಮುಂದೆ ನನ್ನ ನರ್ಸರಿ. ಎಲೆತೋಟವೆಂದರೆ ವೀಳ್ಯದೆಲೆಯ ಬಳ್ಳಿಗಳನ್ನು ನುಗ್ಗೆ, ಚೊಗಚೆ ಮರಗಳಿಗೆ ಹಬ್ಬಿಸಿದ ತೋಟ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಅದು ನನ್ನ ಅತ್ತೆಯ ರಾಜ್ಯ. ಮಾವ ಮತ್ತು ನನ್ನ ಗಂಡ ಎಲೆಯ ಕಟ್ಟುಗಳನ್ನು ಪೇಟೆಗೆ ಒಯ್ಯುತ್ತಾರೆ, ಅಷ್ಟೇ. ಯಾವ ಬಳ್ಳಿಯನ್ನು ಯಾವಾಗ ಮರದಿಂದ ಇಳಿಸಿ ಬುಡಕ್ಕೆ ಸುತ್ತಬೇಕು, ಯಾವ ಸಾಲಿಗೆ ಎಷ್ಟು ನೀರು ಬಿಡಬೇಕು ಎಂಬುದೆಲ್ಲ ಅತ್ತೆಯ ಬಾಯಿಂದಲೇ ಬರಬೇಕು.

ನರ್ಸರಿ ಮಾತ್ರ ನನ್ನದು. ನಾನು ನರಗುಂದದ ಅಂಗಡಿಕಾರರ ಮನೆಯ ಮಗಳು. ಏನನ್ನೂ ಮಾರದೆ ಸುಮ್ಮನೆ ಕೂತರೆ ನನಗೆ ಕೈ ತುರಿಸುತ್ತದೆ. ಮದುವೆಯಾಗಿ ಬಂದ ಮೇಲೆ ಮೊದಲು ಮೆಣಸಿನ ಸಸಿ, ಬದನೆ ಸಸಿ ಮಾಡಿ ಮಾರಿದೆ. ಆಮೇಲೆ ಊರಲ್ಲಿ ಹೊಸ ಮನೆ ಕಟ್ಟಿಸಿದವರೆಲ್ಲ ಬಾಗಿಲ ಮುಂದೆ ಇಡಲು ಬಣ್ಣದೆಲೆಯ ಗಿಡ ಕೇಳತೊಡಗಿದರು. ಆಂಧ್ರದ ಕಡೆಯಿಂದ ಗಿಡ ಹೇರಿದ ಲಾರಿಗಳು ಈ ರಸ್ತೆಯಲ್ಲೇ ಹೋಗುತ್ತಿದ್ದವು, ಕೈ ಮಾಡಿ ನಿಲ್ಲಿಸಿದೆ. ಎರಡು ವರ್ಷದೊಳಗೆ ಅಂಗಳದ ತುಂಬ ಕುಂಡಗಳಾದವು. ಬಿಸಿಲು ತಾಳದ ಗಿಡಗಳನ್ನು ಎಲೆತೋಟದ ಬೇಲಿಯ ನೆರಳಿಗೆ ಸರಿಸಿ ಇಡುತ್ತಿದ್ದೆ.

ಅತ್ತೆಗೆ ಈ ಗಿಡಗಳನ್ನು ಕಂಡರೆ ಆಗುತ್ತಿರಲಿಲ್ಲ. ಮೊದಲ ಲಾರಿ ಬಂದ ದಿನ ಸೊಂಟದ ಮೇಲೆ ಕೈಯಿಟ್ಟು ನಿಂತು ಒಂದೊಂದೇ ಗಿಡವನ್ನು ಪರೀಕ್ಷೆ ಮಾಡಿದರು.

“ಹೂವಿಲ್ಲ, ಕಾಯಿಲ್ಲ, ದೇವ್ರಿಗೆ ಏರಸಾಕ ಬರೂದಿಲ್ಲ. ಇದೆಂಥಾ ಗಿಡಾನ ಯವ್ವಾ?” ಅಂದರು.

ಜನ ಕೇಳುತ್ತಾರೆ, ಅದಕ್ಕೇ ತರಿಸಿದ್ದೇನೆ ಎಂದೆ. ಜನ ಏನೇನೋ ಕೇಳುತ್ತಾರೆ ಎಂದು ಒಳಗೆ ಹೋದರು. ಅಷ್ಟಕ್ಕೆ ಬಿಟ್ಟರು ಅನ್ನಬೇಕು. ಬೇರೆ ಅತ್ತೆಯಾಗಿದ್ದರೆ ಲಾರಿಯನ್ನೇ ತಿರುಗಿಸಿ ಕಳಿಸುತ್ತಿದ್ದಳು. ಆದರೂ ಈ ನರ್ಸರಿ ಯಾವತ್ತಾದರೂ ತೋಟಕ್ಕೆ ಕೇಡು ಮಾಡಿದರೆ ಮರುದಿನವೇ ಬಾಗಿಲು ಮುಚ್ಚಬೇಕಾಗುತ್ತದೆ ಎನ್ನುವುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಎಲೆತೋಟಕ್ಕೆ ಅದರದೇ ಕಟ್ಟಳೆಗಳಿವೆ. ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವಂತಿಲ್ಲ. ಉಗುಳುವಂತಿಲ್ಲ. ಒಳಗೆ ಉಪ್ಪು ಒಯ್ಯುವಂತಿಲ್ಲ, ಬಳ್ಳಿಗೆ ಉಪ್ಪು ಆಗುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಒಳಗೆ ಜೀವ ತೆಗೆಯುವಂತಿಲ್ಲ. ಹಾವು ಬಂದರೂ ಕೈಮುಗಿದು ದಾರಿ ಬಿಡಬೇಕು. ಲಗ್ನ, ಪೂಜೆ ಎಲ್ಲದಕ್ಕೂ ಎಲೆ ಇಲ್ಲಿಂದಲೇ ಹೋಗುತ್ತದೆ, ಅಲ್ಲಿ ಮೈಲಿಗೆ ನಡೆಯುವುದಿಲ್ಲ ಎಂಬುದು ಅತ್ತೆಯ ಲೆಕ್ಕ. ನಾನು ಮೊದಮೊದಲು ಇದಕ್ಕೆಲ್ಲ ನಗುತ್ತಿದ್ದೆ. ಆಮೇಲೆ ಬರಿಗಾಲಲ್ಲಿ ಹೋಗಿ ಬಂದು ರೂಢಿಯಾಯಿತು.

ಇನ್ನೊಂದು ಕಟ್ಟಳೆ, ಬಳ್ಳಿ ಕೊಡುವುದರದು. ಹೊಸ ತೋಟ ಹಾಕುವವರು ಬಂದು ಬಳ್ಳಿಯ ಕುಡಿ ಕೇಳಿದರೆ ಇಲ್ಲ ಅನ್ನಬಾರದು. ಕೊಟ್ಟರೆ ಬರಿ ಬಳ್ಳಿ ಕೊಡಬಾರದು. ಅದು ಬೆಳೆದ ತೋಟದ ಒಂದು ಹಿಡಿ ಹಸಿಮಣ್ಣನ್ನು ಬುಡಕ್ಕೆ ಮೆತ್ತಿ, ಬಾಳೆ ಎಲೆಯಲ್ಲಿ ಸುತ್ತಿ ಕೊಡಬೇಕು. ತವರಿನ ಮಣ್ಣಿಲ್ಲದೆ ಹೋದ ಬಳ್ಳಿ ಹೊಸ ಜಾಗದಲ್ಲಿ ಹತ್ತುವುದಿಲ್ಲ, ಹತ್ತಿದರೂ ಎಲೆಗೆ ಖಾರ ಬರುವುದಿಲ್ಲ ಅನ್ನುತ್ತಾರೆ. ನಮ್ಮ ತೋಟದ ಬಳ್ಳಿಯೂ ಅತ್ತೆಯ ತವರಿನಿಂದ ಹಾಗೇ ಬಂದದ್ದಂತೆ.

ಕ್ರೋಟನ್ ಕುಂಡದ ಗೊಬ್ಬರದ ಕಾಳುಗಳು ಎರಡು ಮೂರು ವಾರದಲ್ಲಿ ನಡೆದಾಡತೊಡಗಿದವು. ಹೆಸರುಕಾಳಿನಷ್ಟು ಶಂಖಗಳು, ಒಳಗಿನಿಂದ ಕೊಂಬು ಚಾಚುವ ಮೆತ್ತನೆ ತಲೆಗಳು. ಬಸವನಹುಳು, ಗಿಡ ಕೊಳ್ಳಲು ಬಂದವರ ಮಕ್ಕಳು ನೋಡಿ ಖುಷಿ ಪಡುತ್ತಾರೆ ಎಂದು ಸುಮ್ಮನಿದ್ದೆ. ಹೀಗೂ ಒಬ್ಬಳು ದಡ್ಡಿ ಇರುತ್ತಾಳೆ! ಮುಂದಿನ ಮಳೆಗಾಲದ ಹೊತ್ತಿಗೆ ಅವು ನನ್ನ ಅಂಗೈಯಷ್ಟಾಗಿದ್ದವು. ನಮ್ಮ ಕಡೆ ಹಿಂದೆ ಕಂಡಿದ್ದ ಸಣ್ಣ ಹುಳುಗಳಲ್ಲ ಇವು, ಕಂದು ಪಟ್ಟೆಯ ದಪ್ಪ ಶಂಖದ ಹುಳುಗಳು. ಕುಂಡದಲ್ಲಿ ನಿಲ್ಲದೆ ಬೇಲಿಯ ಸಂದಿಯಿಂದ ಎಲೆತೋಟಕ್ಕೆ ನುಗ್ಗಿದವು. ನುಗ್ಗೆ ಮರದ ಕಾಂಡದ ಮೇಲೆ ಹತ್ತಿಪ್ಪತ್ತು ಒಂದೇ ಕಡೆ ಅಂಟಿಕೊಂಡು ಕೂರುತ್ತಿದ್ದವು. ಬೆಳಗಾದರೆ ಎಳೆಯ ಕುಡಿ ಇಲ್ಲ, ಎಲೆಯೆಲ್ಲ ತೂತು, ಮೇಲೆ ಒಣಗಿದ ಲೋಳೆಯ ಗೆರೆ. ತೂತು ಬಿದ್ದ ಎಲೆಯನ್ನು ದೇವರಿಗೂ ಇಡುವುದಿಲ್ಲ, ಪೇಟೆಯಲ್ಲೂ ಮುಟ್ಟುವುದಿಲ್ಲ.

ಅತ್ತೆ ಒಂದು ಬಕೆಟ್ ಹಿಡಿದು ದಿನಾ ಬೆಳಗ್ಗೆ ಹುಳು ಆರಿಸತೊಡಗಿದರು. ಒಂದೊಂದನ್ನೂ ಮೊಗ್ಗು ಬಿಡಿಸಿದಂತೆ ಮರದಿಂದ ಬಿಡಿಸಿ ಬಕೆಟ್ಟಿಗೆ ಹಾಕುವರು. ತುಂಬಿದ ಬಕೆಟ್ಟನ್ನು ರಸ್ತೆ ದಾಟಿಸಿ ಹಳ್ಳದ ದಂಡೆಗೆ ಒಯ್ದು ಸುರುವಿ ಬರುವರು. ಜೀವಂತವಾಗಿ. ಅಲ್ಲಿಂದ ಅವು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ, ಭೂಮಿ ದೊಡ್ಡದಿದೆ ಎನ್ನುವರು.

“ಮಳಿ ಜೋಡಿ ಬರ್ತಾವು, ಮಳಿ ಜೋಡಿ ಹೋಗ್ತಾವು,” ಎನ್ನುವುದು ಅವರ ತೀರ್ಮಾನ.

ನಾನು ಅವರ ಕಣ್ಣು ತಪ್ಪಿಸಿ ನರ್ಸರಿಯ ಹಿಂದೆ ಒಂದು ಡಬ್ಬಿಯಲ್ಲಿ ಉಪ್ಪುನೀರು ಕಲೆಸಿಟ್ಟಿದ್ದೆ. ಕುಂಡಗಳಲ್ಲಿ ಸಿಕ್ಕಿದ್ದನ್ನೆಲ್ಲ ಅದಕ್ಕೆ ಹಾಕುತ್ತಿದ್ದೆ. ಅವು ನೊರೆ ಬಿಟ್ಟು ಸಾಯುವುದನ್ನು ನೋಡಲಾಗದೆ ಮುಖ ತಿರುಗಿಸಿಕೊಂಡು ಮುಚ್ಚಳ ಹಾಕುತ್ತಿದ್ದೆ. ರೋಣದ ಕೃಷಿ ಕಚೇರಿಗೆ ಹೋಗಿ ಒಂದು ಹುಳುವನ್ನು ಪ್ಲಾಸ್ಟಿಕ್ ಚೀಲದಲ್ಲಿ ತೋರಿಸಿದಾಗ ಅಲ್ಲಿನ ಸಾಹೇಬರು ಹೊಸ ಗಿಡ ಏನಾದರೂ ತರಿಸಿದ್ದೀರಾ ಎಂದು ಕೇಳಿದರು. ಇಲ್ಲ ಅನ್ನಲಾಗಲಿಲ್ಲ. ಹುಳು ಆರಿಸಿದರೆ ಸಾಲದು, ಅವು ಮಣ್ಣೊಳಗೆ ನೂರಾರು ಮೊಟ್ಟೆ ಇಟ್ಟಿರುತ್ತವೆ, ಮಳೆ ನಿಂತರೆ ಹುಳುಗಳೂ ಮಣ್ಣೊಳಗೆ ಹೋಗಿ ಶಂಖದ ಬಾಯಿ ಮುಚ್ಚಿಕೊಂಡು ಮುಂದಿನ ಮಳೆಯವರೆಗೆ ಮಲಗುತ್ತವೆ, ಆ ತೋಟದ ಮಣ್ಣನ್ನು ಮಾತ್ರ ಎಲ್ಲಿಗೂ ಕಳಿಸಬೇಡಿ ಎಂದು ತಿಳಿಹೇಳಿದರು. ನಾನು ತಲೆ ಆಡಿಸಿ ಬಂದೆ. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಹುಳು ಎಲ್ಲಿಂದ ಬಂತು ಎನ್ನುವುದನ್ನೂ ಹೇಳಬೇಕಾಗುತ್ತಿತ್ತು.

ಅದೇ ಶ್ರಾವಣದಲ್ಲಿ ಮಲಪ್ರಭೆ ಏರಿದಳು. ಕೊಣ್ಣೂರಿನ ಸೇತುವೆ ಮುಳುಗಿದೆ ಎಂದು ನನ್ನ ತವರಿನಿಂದ ಫೋನು ಬಂತು. ಮರುದಿನ ಮೆಣಸಗಿಯಿಂದ ನನ್ನ ನಾದಿನಿಯ ಫೋನು. ಅವಳು ಅತ್ತೆಯ ಒಬ್ಬಳೇ ಮಗಳು, ನನಗಿಂತ ಸಣ್ಣವಳು. ಹೊಳೆಯ ಸಮೀಪದಲ್ಲಿ ಗಂಡ ಹೆಂಡತಿ ಸೇರಿ ಒಂದು ಎಲೆತೋಟ ಮಾಡಿಕೊಂಡಿದ್ದರು. ನಾಲ್ಕು ದಿನ ನೀರು ನಿಂತು ಬಳ್ಳಿಯೆಲ್ಲ ಕೊಳೆತುಹೋಯಿತು ಎಂದಳು. ಅತ್ತಳೋ ಇಲ್ಲವೋ ಫೋನಿನಲ್ಲಿ ತಿಳಿಯಲಿಲ್ಲ. ಅತ್ತೆ ಮಾತ್ರ ಫೋನು ಇಟ್ಟವರೇ ತೋಟಕ್ಕೆ ಹೋಗಿ, ಹುಳು ಮುಟ್ಟದ ಎರಡು ಸಾಲುಗಳ ಸುತ್ತ ಹಗ್ಗ ಕಟ್ಟಿ ಬಂದರು. ಆ ಬಳ್ಳಿ ಮಗಳಿಗೆ ಎಂದರು.

ದೀಪಾವಳಿಗೆ ನಾದಿನಿ ಬಂದಳು. ಅಷ್ಟರಲ್ಲಿ ಮಳೆ ನಿಂತು, ಹುಳುಗಳೆಲ್ಲ ಕಾಣೆಯಾಗಿದ್ದವು. ನೋಡಿದೆಯಾ, ಹೋದವು ಎಂದು ಅತ್ತೆ ನನಗೆ ಖಾಲಿ ಬಕೆಟ್ ತೋರಿಸಿ ನಕ್ಕರು. ಅವು ಹೋಗಿಲ್ಲ, ಕಾಲ ಕೆಳಗೇ ಇವೆ ಎಂದು ನನ್ನೊಬ್ಬಳಿಗೆ ಗೊತ್ತು. ನಾದಿನಿಯ ಆ ತೋಟ ಮತ್ತೆ ಎದ್ದು ನಿಲ್ಲುವುದೂ ಬಿಡುವುದೂ ಈ ಬಳ್ಳಿಯ ಮೇಲಿತ್ತು. ಬಳ್ಳಿಯ ಜೊತೆ ನಮ್ಮ ಮಣ್ಣು ಹೋದರೆ ಹೊಳೆ ಉಳಿಸಿದ್ದನ್ನು ಹುಳು ತಿನ್ನುತ್ತದೆ. ಎರಡು ದಿನ ಇದನ್ನೇ ಯೋಚಿಸಿದೆ. ಹೇಳಬೇಕು ಎಂದು ಅಡುಗೆಮನೆಯಲ್ಲಿ ಬಾಯಿ ತೆರೆದೆ, ಸಾರಿಗೆ ಹುಣಸೆಹುಳಿ ಎಷ್ಟು ಹಾಕಲಿ ಎಂದು ಕೇಳಿ ಬಂದೆ.

ಕೊನೆಗೆ ಒಂದು ಉಪಾಯ ಹೊಳೆಯಿತು. ನಾದಿನಿ ಹೊರಡುವ ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಕತ್ತರಿಸಿಟ್ಟಿದ್ದ ಬಳ್ಳಿಗಳನ್ನು ತೊಟ್ಟಿಯ ನೀರಿನಲ್ಲಿ ಮೂರು ಸಲ ತೊಳೆದೆ. ಗಿಣ್ಣುಗಿಣ್ಣಿಗೂ ಬೆರಳಾಡಿಸಿ ನೋಡಿದೆ. ಒದ್ದೆ ಗೋಣಿಯಲ್ಲಿ ಸುತ್ತಿ ಕಟ್ಟಿಬಿಟ್ಟೆ. ಅತ್ತೆ ಬಾಳೆ ಎಲೆ, ಮಣ್ಣು ಹಿಡಿದು ಬಂದಾಗ ಕಟ್ಟು ಸಿದ್ಧವಾಗಿತ್ತು.

“ಬಸ್ಸಿನ್ಯಾಗ ಮಣ್ಣ ಹೇರಾಕ ಬಿಡಂಗಿಲ್ರಿ ಅತ್ತಿ. ಬಳ್ಳಿ ಅಷ್ಟ ಕಳಸೂಣ್ರಿ,” ಎಂದೆ.

ಅತ್ತೆ ಮಣ್ಣು ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ನನ್ನ ಮಗಳಿಗೆ ಹಿಡಿ ಮಣ್ಣ ಕೊಡಾಕ ಬಸ್ಸಿನವನ್ನ ಕೇಳಬೇಕೇನ?”

ಅತ್ತೆ ಮುಖ ಗಂಟು ಹಾಕಿಕೊಂಡು ಒಳಗೆ ಹೋದರು. ತವರಿಗೆ ಬಂದ ಹೆಣ್ಣುಮಗಳಿಗೆ ಹಿಡಿ ಮಣ್ಣು ಕೊಡಲೂ ಸೊಸೆ ಲೋಭ ಮಾಡಿದಳು ಎಂದು ಅವರು ತಿಳಿದದ್ದು ಅವರ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ನನಗೆ ಸಿಟ್ಟು ಬಂತು. ನಿಮ್ಮ ಮಗಳ ತೋಟ ಉಳಿಸಲಿಕ್ಕೇ ಇಷ್ಟೆಲ್ಲ ಎಂದು ಕೂಗಿ ಹೇಳಬೇಕು ಅನಿಸಿತು. ತುಟಿ ಕಚ್ಚಿಕೊಂಡು ಗೋಣಿಯ ಮೇಲೆ ಇನ್ನೊಂದು ದಾರ ಬಿಗಿದೆ.

ಹೊರಡುವ ಮುಂಚೆ ಅತ್ತೆ ಮಗಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ನಮ್ಮಲ್ಲಿ ತವರಿನಿಂದ ಹೊರಡುವ ಹೆಣ್ಣುಮಗಳ ಸೆರಗಿನ ಮಡಿಲಿಗೆ ಅಕ್ಕಿ, ಬೆಲ್ಲ, ಉತ್ತತ್ತಿ, ಅರಿಷಿಣ ಕೊಂಬು, ಕುಬಸ ಹೊಲಿಸಿಕೊಳ್ಳಲು ಮಡಿಸಿದ ಖಣದ ಬಟ್ಟೆ, ಐದು ಎಲೆ ಹಾಕಿ ಗಂಟು ಕಟ್ಟಿ ಕಳಿಸುತ್ತಾರೆ. ಮನೆಗೆ ಮುಟ್ಟುವವರೆಗೆ ಆ ಗಂಟು ಬಿಚ್ಚುವಂತಿಲ್ಲ. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನನ್ನ ಕಣ್ಣು ಬಾಗಿಲ ಬಳಿಯ ಗೋಣಿ ಕಟ್ಟಿನ ಮೇಲೇ ಇತ್ತು. ಬಸ್ಸು ಹೊರಟಿತು. ಒಂದು ಕಣ ಮಣ್ಣೂ ಹೋಗದಂತೆ ನೋಡಿಕೊಂಡೆನಲ್ಲ ಎಂದು ಆ ದಿನವಿಡೀ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬಳ್ಳಿ ಹತ್ತಿತು. ನಾದಿನಿ ಫೋಟೋ ಕಳಿಸುತ್ತಿದ್ದಳು: ಮೊದಲ ಕುಡಿ, ಮೊದಲ ಎಲೆ, ನುಗ್ಗೆ ಗಿಡಕ್ಕೆ ಕಟ್ಟಿದ ಬಳ್ಳಿ. ಮಣ್ಣಿಲ್ಲದೆಯೂ ಹತ್ತಿತಲ್ಲ ಎಂದು ಅತ್ತೆಗೆ ಒಮ್ಮೆ ಚುಚ್ಚಿದೆ. ಹೌದೌದು ಎಂದು ಅವರು ಎಲೆ ಹೊಂದಿಸುತ್ತ ಕೂತರು. ಸೋತರೂ ಇಷ್ಟು ಶಾಂತವಾಗಿದ್ದಾರಲ್ಲ ಎಂದು ನನಗೇ ಆಶ್ಚರ್ಯವಾಯಿತು.

ಮರುವರ್ಷ ಆಷಾಢದಲ್ಲಿ ನಾನು ತವರಿಗೆ ಹೋಗಬೇಕಿತ್ತು. ನೇರವಾಗಿ ಯಾವಗಲ್ ಮೇಲೆ ನರಗುಂದಕ್ಕೆ ಹೋಗುವ ಬದಲು, ಸುತ್ತಾದರೂ ಇರಲಿ, ನಾದಿನಿಯ ತೋಟ ನೋಡೋಣ ಎಂದು ಮೆಣಸಗಿಗೆ ಹೋಗಿ ಒಂದು ದಿನ ಉಳಿದೆ. ಒಂದು ವಾರದಿಂದ ಜಿಟಿಜಿಟಿ ಮಳೆ. ಚಪ್ಪಲಿ ಬಿಟ್ಟು ತೋಟದೊಳಗೆ ಕಾಲಿಟ್ಟೆ. ಮೂರನೆಯ ಮರದ ಬುಡದಲ್ಲಿ ಒಂದು ಶಂಖ, ಕಂದು ಪಟ್ಟೆಯದು. ಮೇಲೆ ನೋಡಿದರೆ ಇನ್ನೂ ಆರು. ಎಳೆಯ ಕುಡಿಗಳಿಗೆ ಆಗಲೇ ತೂತು ಬಿದ್ದಿತ್ತು.

ಇದು ಎಲ್ಲಿಂದ ಬಂತು, ಯಾರಿಂದಾದರೂ ಹೂಗಿಡ ತರಿಸಿದೆಯಾ, ಹೊಳೆಯಲ್ಲಿ ತೇಲಿಬಂತಾ ಎಂದು ನಾದಿನಿಯನ್ನು ಪೊಲೀಸರಂತೆ ಕೇಳಿದೆ. ಅವಳು ತಲೆ ತಗ್ಗಿಸಿದಳು.

“ಅವ್ವ ಮಣ್ಣ ಉಡ್ಯಾಗ ಹಾಕಿದ್ಲರಿ ವೈನಿ. ಖಣದಾಗ ಸುತ್ತಿ ಹಾಕಿದ್ಲು. ನಿಮಗ ಹೇಳಬ್ಯಾಡ ಅಂದಿದ್ಲು.”

ಬುಡಬುಡಕ್ಕೆ ಚಿಟಿಕೆ ಚಿಟಿಕೆ ಹಾಕಿದ್ದಳಂತೆ. ಸಾಬೂದಾನಿಯಂಥದ್ದು ಏನೋ ಇತ್ತು, ಅವ್ವ ಗೊಬ್ಬರವನ್ನೂ ಸೇರಿಸಿ ಕೊಟ್ಟಿದ್ದಾಳೆ ಎಂದುಕೊಂಡಳಂತೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತವರಿಗೆ ಹೋಗಲಿಲ್ಲ. ಮರುದಿನ ಗಜೇಂದ್ರಗಡದ ಕಡೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅತ್ತೆಯ ಮೇಲೆ ಹಲ್ಲು ಕಡಿದೆ. ರೋಣದಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಆ ಸಿಟ್ಟು ಅವರ ಮೇಲೆ ನಿಲ್ಲುತ್ತಿಲ್ಲ, ಜಾರಿ ಜಾರಿ ನನ್ನ ಕಡೆಗೇ ಬರುತ್ತಿದೆ ಎಂದು ಗೊತ್ತಾಯಿತು.

ಅತ್ತೆ ಹಿತ್ತಲ ಕಟ್ಟೆಯ ಮೇಲೆ ಎಲೆ ಎಣಿಸಿ ಕಟ್ಟು ಮಾಡುತ್ತಿದ್ದರು. ಇಷ್ಟು ಲಗೂ ಯಾಕೆ ಬಂದೆ ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಮಗಳ ತೋಟದಲ್ಲಿ ಹುಳು ಎದ್ದಿದೆ, ಉಡಿಯ ಮಣ್ಣಿನಲ್ಲಿ ಮೊಟ್ಟೆ ಇತ್ತು, ಮೊಟ್ಟೆಗಳು ಮಣ್ಣೊಳಗೆ ಇರುತ್ತವೆ ಎಂದು ಕೃಷಿ ಕಚೇರಿಯವರು ಒಂದು ವರ್ಷದ ಹಿಂದೆಯೇ ನನಗೆ ಹೇಳಿದ್ದರು, ಅದಕ್ಕೇ ಬಳ್ಳಿ ತೊಳೆದೆ. ಅತ್ತೆಯ ಕೈ ನಿಂತಿತು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

“ಮಣ್ಣಾಗ ಮೊಟ್ಟಿ ಅದಾವು ಅಂತ ಒಂದ ಮಾತ ಹೇಳಿದ್ರ ನಾ ಯಾಕ ಹಾಕ್ತಿದ್ದೆ? ನೀ ಬಸ್ಸಿನ ಸುದ್ದಿ ಹೇಳಿದಿ.”

ಹುಳು ಮೊದಲು ಬಂದದ್ದು ನನ್ನ ಗಿಡಗಳ ಜೊತೆ ಎನ್ನುವುದೊಂದು ಉಳಿದಿತ್ತು, ಅದನ್ನೂ ಹೇಳಿಬಿಟ್ಟೆ. ಅತ್ತೆ ತೋಟದ ಬೇಲಿಯ ನೆರಳಿನಲ್ಲಿದ್ದ ಕುಂಡಗಳ ಕಡೆಗೆ ಒಮ್ಮೆ ನೋಡಿ, ಅರ್ಧ ಕಟ್ಟಿದ್ದ ಎಲೆಯ ಕಟ್ಟನ್ನು ಪೂರ್ತಿ ಮಾಡಿದರು. ನರ್ಸರಿ ಮುಚ್ಚು ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಬೆಳಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಮೆಣಸಗಿಗೆ ಹೋದೆವು. ಅತ್ತೆ ತಮ್ಮ ಬಕೆಟ್ ತಂದಿದ್ದರು. ತೋಟದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಮೂವರೂ ಸಾಲು ಹಿಡಿದು ಆರಿಸಿದೆವು. ಮಧ್ಯಾಹ್ನದ ಹೊತ್ತಿಗೆ ಬಕೆಟ್ಟಿನ ಅರ್ಧದಷ್ಟಾಯಿತು. ಇನ್ನು ಹೊಳೆದಂಡೆಗೆ ಒಯ್ದು ಸುರುವುತ್ತಾರೆ, ಹೇಗೆ ತಡೆಯಲಿ ಎಂದು ನಾನು ಒಳಗೊಳಗೇ ಹೆಣಗುತ್ತಿದ್ದೆ. ಅತ್ತೆ ಬಕೆಟ್ ಎತ್ತಿಕೊಂಡು ಬೇಲಿಯ ಹೊರಗೆ ಬಂದರು. ಕಲ್ಲುಪ್ಪು ತಾ ಎಂದು ಮಗಳನ್ನು ಮನೆಗೆ ಕಳಿಸಿದರು. ನೀವು ಬಿಡಿ, ನಾನು ಹಾಕುತ್ತೇನೆ ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ. ಮಣ್ಣು ಕೊಟ್ಟವಳು ತಾನು, ಉಪ್ಪನ್ನೂ ತಾನೇ ಹಾಕಬೇಕು ಎಂದರು. ಉಪ್ಪನ್ನು ಎರಡೂ ಕೈಯಲ್ಲಿ ಸುರುವಿ, ನೀರು ಹೊಯ್ದು, ನೊರೆ ಇಳಿಯುವವರೆಗೂ ಅಲ್ಲೇ ಕೂತಿದ್ದರು. ನನ್ನ ಹಾಗೆ ಮುಖ ತಿರುಗಿಸಲಿಲ್ಲ.

ಈಗ ಲಾರಿಯಿಂದ ಇಳಿದ ಕುಂಡಗಳನ್ನು ನಾನು ರಸ್ತೆಯ ಆಚೆ, ತೋಟದಿಂದ ದೂರ, ಒಂದು ತಿಂಗಳು ಬೇರೆ ಇಟ್ಟು ಮಣ್ಣು ಸೋಸಿ ನೋಡುತ್ತೇನೆ. ಎರಡೂ ತೋಟಗಳಲ್ಲಿ ಹುಳು ಕಡಿಮೆಯಾಗಿದೆ, ಹೋಗಿಲ್ಲ. ಮಳೆ ಬಿದ್ದರೆ ಬಕೆಟ್ ಹೊರಗೆ ಬರುತ್ತದೆ. ಅತ್ತೆ ಬಕೆಟ್ ಸುರುವುತ್ತಿದ್ದ ಹಳ್ಳದ ದಂಡೆಗುಂಟ ಕೆಳಗಿನ ಹೊಲಗಳವರೂ ಈಗ ಇದೇ ಹುಳು ಎದ್ದಿದೆ ಎನ್ನುತ್ತಿದ್ದಾರೆ. ಅವರಿಗೂ ಹೋಗಿ ಹೇಳಿದ್ದೇನೆ, ಬೈಸಿಕೊಂಡಿದ್ದೇನೆ.

ಅತ್ತೆ ಆ ದಿನದಿಂದ ಯಾರ ಉಡಿಯನ್ನೂ ತುಂಬುವುದಿಲ್ಲ. ಜೀವ ತೆಗೆದ ಕೈ ಎನ್ನುತ್ತಾರೆ, ನಾವೆಷ್ಟು ಹೇಳಿದರೂ ಕೇಳುವುದಿಲ್ಲ. ನಾದಿನಿ ಬಂದು ಹೊರಡುವಾಗ ನಾನೇ ತುಂಬುತ್ತೇನೆ. ನೂರಾರು ಹುಳುಗಳನ್ನು ಕೊಂದ ಕೈ ನನ್ನದು, ಉಪ್ಪುನೀರಿನ ಡಬ್ಬಿಯ ಸುದ್ದಿ ಈಗ ಅವರಿಗೂ ಗೊತ್ತು, ಆದರೂ ತಮ್ಮ ಕೈಗೆ ಹಾಕಿದ ಕಟ್ಟಳೆಯನ್ನು ನನ್ನ ಕೈಗೆ ಹಾಕುವುದಿಲ್ಲ. ಗಂಟು ಕಟ್ಟುವ ಮೊದಲು ಪಕ್ಕಕ್ಕೆ ಬಂದು ಮಗಳ ಮಡಿಲೊಳಗೆ ನೋಡುತ್ತಾರೆ: ಅಕ್ಕಿ, ಬೆಲ್ಲ, ಉತ್ತತ್ತಿ, ಐದು ಎಲೆ. ಖಣದ ಮಡಿಕೆಯನ್ನು ಬೆರಳ ತುದಿಯಿಂದ ಒತ್ತಿ, ಒಳಗೆ ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ನನ್ನನ್ನು ನೋಡದೆ, ಕಟ್ಟು ಅನ್ನುತ್ತಾರೆ.